ನುಡಿ ಫಾಂಟ್ ಮರೆತು ಲ್ಯಾಪ್‌ಟಾಪ್ ರಿಸೆಟ್ ಮಾಡಿದ ಕಥೆ

ನನ್ನ ಲ್ಯಾಪ್‌ಟಾಪ್ 2017ರದ್ದು. ಏಳನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್, ವಿಂಡೋಸ್ 10. ಅದರ ಗತಿ ಹೇಗಾಗಿತ್ತು ಅಂದರೆ, ಬೆಳಿಗ್ಗೆ ಪವರ್ ಬಟನ್ ಒತ್ತಿ, ಅಡುಗೆಮನೆಗೆ ಹೋಗಿ, ಹಾಲು ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಆ ನೀಲಿ ಬಳೆ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ರಿಪೇರಿ ಅಂಗಡಿಯಲ್ಲಿ ಕೇಳಿದರೆ "ಫಾರ್ಮ್ಯಾಟ್ ಹೊಡೀಬೇಕು ಸಾರ್, ಎರಡು ದಿನ ಬಿಟ್ಟು ಹೋಗಿ" ಅಂದರು. ನಾನೇ ಮಾಡಿ ನೋಡೋಣ ಅಂತ ವಾಪಸ್ ತಂದೆ.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು ಆರಾಮಾಗಿ ಕೂತಿತ್ತು. ಡಿಸ್ಕ್ ಮಾತ್ರ 100 ಪರ್ಸೆಂಟ್, ಕೆಂಪಾಗಿ. ಸಿ ಡ್ರೈವ್‌ನಲ್ಲಿ 3 ಜಿಬಿ ಜಾಗವೂ ಉಳಿದಿರಲಿಲ್ಲ. ಎರಡೆರಡು ಆ್ಯಂಟಿವೈರಸ್ ಬೇರೆ, ಒಂದರ ಲೈಸೆನ್ಸ್ ಯಾವತ್ತೋ ಮುಗಿದಿತ್ತು. ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿದೆ, ಸ್ವಲ್ಪ ಉಸಿರಾಡಿತು, ವಾರದಲ್ಲಿ ಮತ್ತೆ ಅದೇ ಹಾಡು. ಸರಿ, ರಿಸೆಟ್ಟೇ ಗತಿ, ಅಂದರೆ ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳೋದು.

ರಿಸೆಟ್ ಮಾಡೋದು ನಾಲ್ಕು ಕ್ಲಿಕ್ಕಿನ ಕೆಲಸ. ಅದಕ್ಕೆ ಮುಂಚೆ ಏನೇನು ಎತ್ತಿಟ್ಟುಕೊಳ್ಳಬೇಕು ಅಂತ ಯೋಚಿಸೋದಕ್ಕೇ ನನಗೆ ಮೂರು ಸಂಜೆ ಹಿಡಿಯಿತು. ಡಾಕ್ಯುಮೆಂಟ್ಸ್, ಫೋಟೋ ಎಲ್ಲರಿಗೂ ನೆನಪಿರುತ್ತೆ. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವುದೂ ಸಿ ಡ್ರೈವೇ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆಧಾರ್ ಪಿಡಿಎಫ್ ಒಂದೇ ಒಂಬತ್ತು ಸಲ ಇಳಿದಿತ್ತು, ಅದರ ನಡುವೆ ಮನೆಯ ಖಾತಾ ಪ್ರತಿ! ಕ್ರೋಮ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು ಗೂಗಲ್ ಅಕೌಂಟಿಗೆ ಸಿಂಕ್ ಆಗಿವೆಯಾ ಅಂತ ಫೋನಿನಲ್ಲಿ ತೆರೆದು ನೋಡಿದೆ. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಆಫೀಸ್ ಯಾವ ಇಮೇಲಿಗೆ ಅಂಟಿಕೊಂಡಿದೆ ಅಂತಲೂ ಬರೆದಿಟ್ಟೆ, ಆ ಇಮೇಲ್ ಗೊತ್ತಿಲ್ಲದಿದ್ದರೆ ಅದು ಹೋದ ಹಾಗೆಯೇ. ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿದೆ. ಡಿ ಡ್ರೈವ್‌ಗೆ ಕಾಪಿ ಮಾಡಿ ಬ್ಯಾಕಪ್ ಆಯ್ತು ಅನ್ನುವವರು ಇದ್ದಾರೆ, ಅದು ಒಂದೇ ಮನೆಯ ಇನ್ನೊಂದು ಕೋಣೆ ಅಷ್ಟೇ ಅಲ್ವಾ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತೆ.

ನನ್ನ ಬ್ಯಾಟರಿ ಸತ್ತು ಎಷ್ಟೋ ಕಾಲ ಆಗಿತ್ತು. ಚಾರ್ಜರ್ ಕಿತ್ತರೆ ಆಫ್. ರಿಸೆಟ್ ಅರ್ಧಕ್ಕೆ ನಿಂತರೆ ವಿಂಡೋಸೇ ಏಳದಿರಬಹುದು. ನಮ್ಮ ಕಡೆ ಸಂಜೆ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ಲ್ಯಾಪ್‌ಟಾಪನ್ನು ಯುಪಿಎಸ್ ಪಾಯಿಂಟಿಗೆ ಹಾಕಿ, ರಾತ್ರಿ ಹತ್ತರ ಮೇಲೆ ಶುರು ಮಾಡಿದೆ.

ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ರಿಕವರಿ, ಅಲ್ಲಿ 'ರಿಸೆಟ್ ದಿಸ್ ಪಿಸಿ'. ವಿಂಡೋಸ್ 11 ಆದರೆ ರಿಕವರಿ ಅನ್ನೋದು ಸಿಸ್ಟಮ್ ಒಳಗೆ ಸಿಗುತ್ತೆ. 'ಕೀಪ್ ಮೈ ಫೈಲ್ಸ್' ಒತ್ತಿದರೆ ನಮ್ಮ ಫೈಲುಗಳು ಉಳಿದು, ನಾವು ಹಾಕಿದ ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ. ನಾನು 'ರಿಮೂವ್ ಎವೆರಿಥಿಂಗ್' ಒತ್ತಿದೆ, ಕೈ ಸ್ವಲ್ಪ ನಡುಗಿದ್ದು ನಿಜ. ಆಮೇಲೆ ವಿಂಡೋಸನ್ನು ಇಂಟರ್ನೆಟ್ಟಿನಿಂದ ಇಳಿಸಬೇಕಾ (ಕ್ಲೌಡ್), ಲ್ಯಾಪ್‌ಟಾಪಿನಲ್ಲೇ ಇರುವ ಫೈಲುಗಳಿಂದ ಹಾಕಬೇಕಾ (ಲೋಕಲ್) ಅಂತ ಕೇಳುತ್ತೆ. ಕ್ಲೌಡ್ ಅಂದರೆ ಸುಮಾರು 4 ಜಿಬಿ ಡೌನ್‌ಲೋಡ್. ಫೋನಿನ ಹಾಟ್‌ಸ್ಪಾಟ್ ನಂಬಿಕೊಂಡವನಿಗೆ ಅದು ಆಗಲ್ಲ, ಲೋಕಲ್ ಅಂದೆ. ವಿಂಡೋಸ್ ಫೈಲುಗಳೇ ಹಾಳಾಗಿವೆ ಅನ್ನುವ ಅನುಮಾನ ಇದ್ದರೆ ಮಾತ್ರ ಕ್ಲೌಡೇ ವಾಸಿ.

ಇಲ್ಲಿ ಒಂದು ನಿಮಿಷ ನಿಲ್ಲಿ. 'ಚೇಂಜ್ ಸೆಟ್ಟಿಂಗ್ಸ್' ಅಂತ ಸಣ್ಣ ಅಕ್ಷರದಲ್ಲಿ ಒಂದು ಲಿಂಕ್ ಇರುತ್ತೆ. ಕಂಪನಿಯವರು ತುಂಬಿ ಕಳಿಸಿದ ಆ್ಯಪ್‌ಗಳು ಮತ್ತೆ ಬರಬೇಕಾ ಅಂತ ಕೇಳಿತು, ಬೇಡ ಅಂದೆ. ಎಲ್ಲ ಡ್ರೈವ್ ಅಳಿಸಬೇಕಾ ಅನ್ನುವಲ್ಲಿ 'ನೋ' ಅಂತಲೇ ಇದೆಯಾ ಅಂತ ಎರಡು ಸಲ ನೋಡಿಕೊಂಡೆ. 'ಕ್ಲೀನ್ ಡೇಟಾ' ಆನ್ ಮಾಡಿದರೆ ಡಿಸ್ಕನ್ನು ಉಜ್ಜಿ ಉಜ್ಜಿ ಗಂಟೆಗಟ್ಟಲೆ ಕೂರುತ್ತೆ. ಲ್ಯಾಪ್‌ಟಾಪ್ ಮಾರುವವರಿಗೆ ಅದು ಬೇಕು, ನನಗೆ ಬೇಡವಾಗಿತ್ತು.

ಒಂದೂವರೆಗೆ ಎದ್ದು ನೋಡಿದರೆ 64 ಪರ್ಸೆಂಟಿನಲ್ಲಿ ನಿಂತಿತ್ತು. ಕೈ ಹಾಕದೆ ಮಲಗಿದೆ. ಬೆಳಿಗ್ಗೆ ಹೊಸ ಮದುವಣಿಗನ ಹಾಗೆ ಕೂತಿತ್ತು. ಲೈಸೆನ್ಸ್ ಕೀ ಕೇಳಲೇ ಇಲ್ಲ, ಅದು ಮದರ್‌ಬೋರ್ಡಿನಲ್ಲೇ ಇರುತ್ತೆ. ಆದರೆ ಕೊಂಡ ದಿನದ ವಿಂಡೋಸ್ ಬರುತ್ತೆ ಅಂದುಕೊಂಡಿದ್ದೆ, ಬಂದಿದ್ದು ನಿನ್ನೆವರೆಗೆ ಇದ್ದ ಆವೃತ್ತಿಯೇ.

ಆಮೇಲೆ ಆಯ್ತು ನೋಡಿ ಎಡವಟ್ಟು. ಅಪ್ಪ ಹೇಳುತ್ತಾ ಹೋದಂತೆ ನಾನು ಟೈಪ್ ಮಾಡಿದ್ದ ಊರಿನ ನೆನಪುಗಳ ಫೈಲ್ ತೆರೆದೆ. ಕನ್ನಡ ಅನ್ನೋ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ! ಹಿಂದಿನಿಂದ ನೋಡುತ್ತಿದ್ದ ಮನೆಯವಳು "ಏನ್ರೀ, ವೈರಸ್ಸಾ?" ಅಂದಳು. ವೈರಸ್ ಅಲ್ಲ. ಆ ಫೈಲನ್ನು ಟೈಪ್ ಮಾಡಿದ್ದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ. ಹಳೆಯ ನುಡಿ ಫೈಲುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲ, ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡವಾಗಿ ಕಾಣಿಸುತ್ತಿದ್ದದ್ದು ಫಾಂಟ್. ಫಾಂಟ್ ಇದ್ದದ್ದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ, ಅದು ರಾತ್ರಿಯೇ ಹೋಗಿತ್ತು. ಅಷ್ಟೆಲ್ಲ ಪಟ್ಟಿ ಮಾಡಿದವನು ಫಾಂಟ್ ಮರೆತಿದ್ದೆ. ಪುಣ್ಯಕ್ಕೆ ನುಡಿ ಉಚಿತ, ಮತ್ತೆ ಹಾಕಿದ ಕೂಡಲೇ ಅಪ್ಪನ ಊರು ವಾಪಸ್ ಬಂತು.

ವೇಗದ ವಿಷಯ ಹೇಳಬೇಕು. ಮೊದಲೆರಡು ದಿನ ಅಪ್‌ಡೇಟ್‌ಗಳ ಗಲಾಟೆಯಲ್ಲಿ ಡಿಸ್ಕ್ ಮತ್ತೆ 100ರಲ್ಲೇ ಇತ್ತು, ನಾನು ತಲೆ ಚಚ್ಚಿಕೊಂಡೆ. ಮೂರನೇ ದಿನದಿಂದ ಎರಡು ನಿಮಿಷದಲ್ಲಿ ಡೆಸ್ಕ್‌ಟಾಪ್ ಬರುತ್ತಿತ್ತು. ಆದರೂ ನಿಜವಾದ ವ್ಯತ್ಯಾಸ ಕಂಡಿದ್ದು ತಿಂಗಳ ಮೇಲೆ, ತಿರುಗುವ ಭಾಗವೇ ಇಲ್ಲದ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದಾಗ, ಈಗ ಅರ್ಧ ನಿಮಿಷವೂ ಬೇಡ. ಮೊದಲೇ ಅದನ್ನು ಹಾಕಿಸಿ ಅದರ ಮೇಲೇ ಹೊಸದಾಗಿ ವಿಂಡೋಸ್ ಹಾಕಿದ್ದರೆ ಒಂದು ರಾತ್ರಿ ಉಳಿಯುತ್ತಿತ್ತು. ಏಳನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11 ಕೊಡಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ (ಭದ್ರತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ಬ್ಯಾಂಕ್ ಕೆಲಸ ಇದರಲ್ಲಿ ಮಾಡಲ್ಲ. ಬರವಣಿಗೆಗೆ ಸಾಕು.

ಈಗ ಅಪ್ಪನ ಫೈಲುಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಾಯಿಸುತ್ತಿದ್ದೇನೆ. ಅಲ್ಲಲ್ಲಿ ಒತ್ತಕ್ಷರ ಕೆಡುತ್ತೆ, ಕೂತು ಓದಿ ತಿದ್ದಬೇಕು. ಹನ್ನೊಂದು ಮುಗಿದಿದೆ, ಇನ್ನೂ ನಲವತ್ತು ಬಾಕಿ.