ತಿರುಗುವ ಹರಳಿನ ಅಡಿಯ ಹರಿವು: ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕುವುದು ಹೇಗೆ

ಗಂಗಾವತಿಯ ನಮ್ಮ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪಿನ ಫ್ಯಾನು ಪಕ್ಕದ ರೈಸ್‌ಮಿಲ್ಲಿಗೇ ಪೈಪೋಟಿ ಕೊಡುತ್ತದೆ. ಅದಕ್ಕೇ ಸಿಲಿಕಾನ್ ಹರಳಿನ ಲೆಕ್ಕವನ್ನು ನಾನು ಓಡಿಸುವುದು ರಾತ್ರಿ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಆಗಾಗ ಫಲಿತಾಂಶ ಉಳಿಸುವಂತೆ ಮೊದಲೇ ಹೊಂದಿಸಿಡಿ.

ಚೋಕ್ರಾಲ್ಸ್ಕಿ ವಿಧಾನ ಗೊತ್ತಲ್ವಾ? 1414 ಡಿಗ್ರಿಯಲ್ಲಿ ಕರಗಿದ ಸಿಲಿಕಾನಿಗೆ ಬೀಜದ ಹರಳು ತಾಗಿಸಿ, ತಿರುಗಿಸುತ್ತಾ ನಿಧಾನಕ್ಕೆ ಮೇಲೆಳೆಯುತ್ತಾರೆ. ಹರಳು ತಿರುಗಿದಾಗ ಅದರ ಅಡಿಯ ದ್ರವ ಅಂಚಿಗೆ ಎಸೆಯಲ್ಪಡುತ್ತದೆ, ಆ ಜಾಗಕ್ಕೆ ಕೆಳಗಿನದು ನಡುವಿನಿಂದ ಏರಿ ಬರುತ್ತದೆ.

ಈ ಹರಿವಿನ ಲೆಕ್ಕಕ್ಕೆ ಓಪನ್‌ಫೋಮ್ ಎಂಬ ತಂತ್ರಾಂಶ ಸಾಕು, ಅದು ಉಚಿತ. ಸಿಲಿಕಾನ್ ಕರಗಿರುವ ಇಡೀ ಮೂಸೆ ಬೇಡ, ಹೋಳಿಗೆಯ ಸಣ್ಣ ತುಂಡಿನಂತೆ 5 ಡಿಗ್ರಿಯ ಬೆಣೆ ಸಾಕು. ಮೇಲ್ಭಾಗದ ನಡುವೆ ಹರಳಿನ ತಟ್ಟೆ. ಅದರ ತ್ರಿಜ್ಯ ಮೂಸೆಯದರ 0.4 ಪಾಲು ಇರಲಿ. ತಟ್ಟೆಗೆ ಅಂಟಿದ ದ್ರವ ತಟ್ಟೆಯ ಜೊತೆಗೇ ತಿರುಗಬೇಕು. ತಳ, ಗೋಡೆಗಳಲ್ಲಿ ವೇಗ ಸೊನ್ನೆ. ಉಳಿದ ಮೇಲ್ಮೈಯಲ್ಲಿ ಉಜ್ಜಾಟ ಇಲ್ಲ.

ನಾನು ಎಡವಿದ್ದು ಜಾಲರಿಯಲ್ಲಿ, ಅಂದರೆ ಲೆಕ್ಕಕ್ಕಾಗಿ ದ್ರವವನ್ನು ಸಣ್ಣ ಚೌಕಗಳಾಗಿ ಹಂಚುವುದರಲ್ಲಿ. ಎಲ್ಲ ಕಡೆ 2 ಮಿಲಿಮೀಟರ್ ಚೌಕ ಹಾಕಿದ್ದೆ. ಚಿತ್ರ ಚೆಂದ ಬಂತು, ಲೆಕ್ಕ ಸುಳ್ಳು. ಕರಗಿದ ಸಿಲಿಕಾನಿನ ಕೈನೆಮ್ಯಾಟಿಕ್ ಸ್ನಿಗ್ಧತೆ (ದ್ರವದ ಅಂಟುತನವನ್ನು ಸಾಂದ್ರತೆಯಿಂದ ಭಾಗಿಸಿದ್ದು) ನೀರಿನ ಮೂರನೇ ಒಂದರಷ್ಟು ಮಾತ್ರ. ಅದನ್ನು ಕೋನವೇಗದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ನಿಮಿಷಕ್ಕೆ 10 ಸುತ್ತಾದರೆ ಸುಮಾರು ಅರ್ಧ ಮಿಲಿಮೀಟರ್ ಬರುತ್ತದೆ. ತಟ್ಟೆಯಡಿ ಅದರ ಎಳೆತಕ್ಕೆ ಸಿಕ್ಕಿ ತಿರುಗುವ ತೆಳು ದ್ರವಪದರದ ಅಳತೆಗೋಲೇ ಅದು. ನನ್ನ ಒಂದೇ ಚೌಕ ಆ ಪದರದ ಬಹುಪಾಲನ್ನು ನುಂಗಿತ್ತು! ತಟ್ಟೆಯ ಹತ್ತಿರ ಜಾಲರಿ ಒತ್ತಾಗಿರಲಿ, ಅರ್ಧ ಮಿಲಿಮೀಟರಿನೊಳಗೆ ಐದಾರು ಚೌಕ ಬೇಕು. ದೂರ ಹೋದಂತೆ ಸಡಿಲ ಬಿಡಿ.

ಶಾಖವನ್ನು ಈಗಲೇ ಸೇರಿಸಬೇಡಿ, ಸುಮ್ನೆ ತಿರುಗಿಸಿ. ಗೋಡೆ, ತಳ ಬಹಳ ದೂರ ಸರಿಸಿ ಒಮ್ಮೆ ಓಡಿಸಿ. 1921ರಲ್ಲಿ ವಿಜ್ಞಾನಿ ಫಾನ್ ಕಾರ್ಮಾನ್, ಗೋಡೆ, ತಳಗಳೇ ಇಲ್ಲದ ದ್ರವದಲ್ಲಿ ತಿರುಗುವ ತಟ್ಟೆಗೆ ಸರಳ ಸಮೀಕರಣ ಕೊಟ್ಟಿದ್ದಾರೆ. ಅದರ ಪ್ರಕಾರ ಪದರದ ಕೆಳಗಿನಿಂದ ಏರುವ ವೇಗ, ಸ್ನಿಗ್ಧತೆ ಮತ್ತು ಕೋನವೇಗದ ಗುಣಲಬ್ಧದ ವರ್ಗಮೂಲಕ್ಕೆ 0.88 ಪಟ್ಟು. ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮಿಲಿಮೀಟರ್. ನಿಮ್ಮದು ಅದರ ಹತ್ತಿರ ಬರದಿದ್ದರೆ ಮುಂದೆ ಹೋಗಬೇಡಿ.

ಆಮೇಲೆ ಗೋಡೆಗಳನ್ನು ಅವುಗಳ ಜಾಗಕ್ಕೆ ತನ್ನಿ. ರೆನಾಲ್ಡ್ಸ್ ಸಂಖ್ಯೆ (ಸ್ನಿಗ್ಧತೆಗೆ ಹೋಲಿಸಿದರೆ ಹರಿವು ಎಷ್ಟು ಜೋರು ಎಂಬ ಅಂಕ) 100ರಿಂದ ಶುರು ಮಾಡಿ. ಪ್ರತಿ ಸಲ ಹಿಂದಿನ ಉತ್ತರದಿಂದಲೇ ಹೊರಟು ಸ್ವಲ್ಪ ಸ್ವಲ್ಪ ಏರಿಸಿ. ಕೊನೆಗೆ ಮೂಸೆಯನ್ನು ಎದುರು ದಿಕ್ಕಿಗೆ ತಿರುಗಿಸಿ, ಹರಳಿನಡಿಯ ಸುಳಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಶಾಖ ಸೇರಿಸುವುದು ಅದಾದ ಮೇಲೆ.