ಒಂಟಿ ಕಾಲಿನ ಲೆಕ್ಕ: ಚಿಕ್ಕ ಮಕ್ಕಳಿಗೆ ಆಟ ಆಡಿಸಿದ ನನ್ನ ಅನುಭವ

ನಮ್ಮದು ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆ. ದೈಹಿಕ ಶಿಕ್ಷಕರಿಲ್ಲ. ಹಾಗಾಗಿ ನಲಿಕಲಿ (1ರಿಂದ 3ನೇ ತರಗತಿಯವರು ಒಟ್ಟಿಗೆ ಕಲಿಯುವ) ತರಗತಿಯ ಜೊತೆ ಆಟದ ಪಿರಿಯಡ್ಡೂ ನನ್ನ ಪಾಲಿಗೇ ಬಂತು. ನನಗೆ ಗೊತ್ತಿದ್ದದ್ದು ಇಷ್ಟೇ: ಸೀಟಿ ಊದು, ಸಾಲು ನಿಲ್ಲಿಸು, ಕೈ ಮೇಲೆ ಕೈ ಕೆಳಗೆ, ಆಮೇಲೆ ಒಂದು ಬಾಲ್ ಕೊಟ್ಟು ಬಿಡು. ಹೊಲದ ಬದುವಿನ ಮೇಲೆ ಓಡಾಡಿ ಬೆಳೆದ ಮಕ್ಕಳಿಗೆ ನಾನೇನು ಮೈ ಬಗ್ಗಿಸೋದು ಕಲಿಸಲಿ ಅನ್ನೋ ಭಾವನೆ ಬೇರೆ.

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಶಾಲಾ ಮಕ್ಕಳಿಗಿರುವ ಫಿಟ್‌ನೆಸ್ ಪರೀಕ್ಷೆ ಮಾಡಿಸುವಾಗ ಆ ಭಾವನೆ ಇಳಿಯಿತು. 1ರಿಂದ 3ನೇ ತರಗತಿಗೆ ಅದರಲ್ಲಿ ಓಟವೇ ಇಲ್ಲ. ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಅನ್ನೋ ಲೆಕ್ಕ) ನೋಡಬೇಕು, ಫ್ಲೆಮಿಂಗೊ ಬ್ಯಾಲೆನ್ಸ್ ಮಾಡಿಸಬೇಕು, ಪ್ಲೇಟ್ ಟ್ಯಾಪಿಂಗ್ ಮಾಡಿಸಬೇಕು. ಕೊನೆಯದು ಸುಲಭ. ಮೇಜಿನ ಮೇಲೆ 60 ಸೆಂ.ಮೀ. ದೂರದಲ್ಲಿ ಎರಡು ವೃತ್ತ, ಒಂದೇ ಕೈಯಲ್ಲಿ ಅದನ್ನೂ ಇದನ್ನೂ 25 ಸುತ್ತು ಮುಟ್ಟಬೇಕು, ಎಷ್ಟು ಸೆಕೆಂಡಾಯಿತು ಅನ್ನೋದೇ ಅಂಕ. ಮಕ್ಕಳಿಗೆ ಭಾರೀ ಮೋಜು.

ಫ್ಲೆಮಿಂಗೊ ಹಾಗಲ್ಲ. ಬರೀ 3 ಸೆಂ.ಮೀ. ಅಗಲದ ಮರದ ಪಟ್ಟಿ ಮೇಲೆ ಒಂಟಿ ಕಾಲಲ್ಲಿ ನಿಲ್ಲಬೇಕು, ಇನ್ನೊಂದು ಕಾಲನ್ನು ಹಿಂದೆ ಮಡಚಿ ಅದೇ ಕಡೆಯ ಕೈಯಲ್ಲಿ ಹಿಡಿಯಬೇಕು, 60 ಸೆಕೆಂಡಿನಲ್ಲಿ ಎಷ್ಟು ಸಲ ಬಿದ್ದರು ಅಂತ ಎಣಿಸಬೇಕು. ಪಟ್ಟಿಯನ್ನು ಊರಿನ ಬಡಿಗ್ಯಾರು ಬಾಗಿಲ ಚೌಕಟ್ಟಿನ ತುಂಡಿನಲ್ಲಿ ಮಾಡಿಕೊಟ್ಟರು. ಎರಡನೇ ತರಗತಿಯ ಒಬ್ಬ ಹುಡುಗಿ ಓಟದಲ್ಲಿ ಎಲ್ಲರಿಗಿಂತ ಮುಂದೆ. ಅವಳು ಹತ್ತಿ ನಿಂತಳು. ಕಾಲ್ಬೆರಳು ಮರ ಹಿಡಿಯಲು ಒದ್ದಾಡುತ್ತಿದ್ದವು, ನನ್ನ ತೋರುಬೆರಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಬೆರಳು ಬಿಡಿಸಿಕೊಂಡೆ, ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಮೊದಲ 30 ಸೆಕೆಂಡಿನಲ್ಲೇ 15ಕ್ಕಿಂತ ಜಾಸ್ತಿ ಬಿದ್ದರೆ ಅಂಕ ಸೊನ್ನೆ. ಅವಳಿಗೆ ಸೊನ್ನೆಯೇ ಬಂತು. ಮರುದಿನ ಸುಮ್ನೆ ನೆಲದ ಮೇಲೆ ಎಲ್ಲರನ್ನೂ ಕುಂಟಿಸಿ ನೋಡಿದೆ. 34 ಮಕ್ಕಳಲ್ಲಿ 13 ಜನಕ್ಕೆ ಎಡಗಾಲಲ್ಲಿ ಐದು ಹೆಜ್ಜೆ ಕುಂಟಲು ಆಗಲಿಲ್ಲ.

ಒಂದು ಪಿರಿಯಡ್ ಪೂರ್ತಿ ಮೊಬೈಲ್ ಹಿಡಿದು ಒಬ್ಬನೇ ಹುಡುಗನ ಮೇಲೆ ಕಣ್ಣಿಟ್ಟೆ. 40 ನಿಮಿಷದಲ್ಲಿ ಅವನ ಮೈ ಆಡಿದ್ದು ಸುಮಾರು 6 ನಿಮಿಷ! ಉಳಿದದ್ದೆಲ್ಲ ಸಾಲಲ್ಲಿ ನಿಂತು ತನ್ನ ಪಾಳಿ ಕಾಯುತ್ತಾ, ಮುಂದಿದ್ದವನ ಅಂಗಿ ಎಳೆಯುತ್ತಾ. ಈ ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಉಸಿರು ಏರುವ ಹಾಗೆ ಆಡಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಸೀಟಿ ಊದಿ ಊದಿ ಅವರನ್ನು ನಿಲ್ಲಿಸ್ತಾ ಇದ್ದೆ.

ಸಾಲು ಬಿಟ್ಟೆ. ಅಂಗಳದಲ್ಲಿ ಸುಣ್ಣದಿಂದ ಎಂಟು ಕುಂಟೆಬಿಲ್ಲೆ ಮನೆ ಹಾಕಿದೆ, ಒಂದೊಂದಕ್ಕೆ ನಾಲ್ಕೈದೇ ಜನ. ಹೋಗುವಾಗ ಬಲಗಾಲು, ಬರುವಾಗ ಎಡಗಾಲು, ಇದೊಂದು ನಿಯಮ ಮಾತ್ರ ನಾನು ಸೇರಿಸಿದ್ದು. ಇಲ್ಲದಿದ್ದರೆ ಎಲ್ಲರೂ ರೂಢಿ ಇರೋ ಕಾಲಲ್ಲೇ ಕುಂಟಿ ಮುಗಿಸಿಬಿಡ್ತಾರೆ. ವಾರ ಕಳೆದಿಲ್ಲ, ಒಬ್ಬ ಹುಡುಗನ ಅಜ್ಜಿ ಶಾಲೆಗೆ ಬಂದರು. 'ಟೀಚರ್ರೀ, ನಮ್ಮ ಹುಡುಗ ಮನ್ಯಾಗೂ ಕುಂಟಿಕೋಂತ ಅಡ್ಡಾಡ್ತಾನ, ಕಾಲಿಗೇನಾರ ಆಗ್ಯಾದೇನ್ರೀ?'

ಬಾಲ್ ಹಿಡಿಯೋದು ಇನ್ನೊಂದು ತಲೆನೋವು. ಬಾಲ್ ಬಂದ ಕೂಡಲೇ ಕಣ್ಣು ಮುಚ್ಚಿ ಮುಖ ತಿರುಗಿಸ್ತಾರೆ. ಬೈದರೆ ಇನ್ನೂ ಜಾಸ್ತಿ. ಹಳೇ ವೇಲ್ ಹರಿದು ತುಂಡು ಮಾಡಿ ಕೊಟ್ಟೆ. ಮೇಲೆ ಎಸೆದರೆ ನಿಧಾನಕ್ಕೆ ತೇಲಿ ಇಳಿಯುತ್ತೆ, ಕಣ್ಣಿಗೆ ನೋಡಲು ಟೈಮ್ ಸಿಗುತ್ತೆ. ಆಮೇಲೆ ಬಟ್ಟೆ ಉಂಡೆ, ಆಮೇಲೆ ಟೆನಿಸ್ ಬಾಲ್. ಎಸೆಯುವಾಗ ಹೆಚ್ಚಿನವರು ಬಲಗೈ ಜೊತೆ ಬಲಗಾಲನ್ನೇ ಮುಂದಿಡ್ತಿದ್ದರು. ನೆಲದ ಮೇಲೆ ಎಡ ಪಾದದ ಚಿತ್ರ ಬರೆದೆ, ಮಾತಾಡಿ ತಿದ್ದುವ ಕೆಲಸ ಅರ್ಧ ತಪ್ಪಿತು.

ಒಂದು ತಪ್ಪು ಮಾತ್ರ ಹೇಳಲೇಬೇಕು. ಫೆಬ್ರವರಿಯ ಒಂದು ಮಧ್ಯಾಹ್ನ ಹುರುಪಿನಲ್ಲಿ ಈ ಚಿಕ್ಕವರನ್ನೂ 600 ಮೀಟರ್ ಓಡಿಸಿಬಿಟ್ಟೆ. ಅದು ದೊಡ್ಡ ತರಗತಿಯವರ ಪರೀಕ್ಷೆ, ಇವರಿಗಲ್ಲ. ಅದರ ಮೇಲೆ ನಮ್ಮ ಕಡೆ ಬಿಸಿಲು, ಬರಿಗಾಲು ಬೇರೆ. ಇಬ್ಬರಿಗೆ ಅಂಗಾಲಲ್ಲಿ ಬೊಬ್ಬೆ ಬಂತು. ಅವರ ಮನೆಗೆ ಹೋಗಿ ತಪ್ಪಾಯಿತು ಅಂದು ಬಂದೆ. ಅಂದಿನಿಂದ ಬೆಳಗಿನ ಮೊದಲ ಪಿರಿಯಡ್ಡೇ ಆಟ, ಬೇಸಿಗೆ ಬಂದರೆ ಬೇವಿನ ಮರದ ನೆರಳಲ್ಲಿ ವೇಲ್, ಬಟ್ಟೆ ಉಂಡೆ ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಪಟ್ಟಿ ಹತ್ತಿಸಿದೆ. ಸೊನ್ನೆ ಪಡೆದ ಹುಡುಗಿ 60 ಸೆಕೆಂಡಿನಲ್ಲಿ ಬಿದ್ದದ್ದು ಆರೇ ಸಲ. ಎಡಗಾಲಲ್ಲಿ ಕುಂಟಲಾರದವರು ಈಗ ಮೂವರು. ಇನ್ನೊಬ್ಬ ಹುಡುಗ ವೇಲ್ ಹಿಡಿಯುತ್ತಿದ್ದ, ಬಾಲ್ ಮಾತ್ರ ಎಷ್ಟು ಮಾಡಿದರೂ ಇಲ್ಲ. ಮಂದ ಅಂದುಕೊಂಡಿದ್ದೆ. ಕಣ್ಣು ತಪಾಸಣೆಗೆ ಬಂದವರು ಕನ್ನಡಕ ಬರೆದುಕೊಟ್ಟರು. ಈಗ ಕನ್ನಡಕ ಇದೆ, ಆದರೆ ಆಟದ ಪಿರಿಯಡ್ ಬಂದರೆ ತೆಗೆದು ಬ್ಯಾಗಲ್ಲಿ ಇಡ್ತಾನೆ. ಒಡೆದರೆ ಅವ್ವ ಬಡೀತಾಳಂತೆ. ಹಿಂದಿನಿಂದ ಎಲಾಸ್ಟಿಕ್ ಕಟ್ಟಿಕೊಡಬೇಕು, ನಾಳೆ ಅವರವ್ವನನ್ನು ಕರೆಸಿದ್ದೇನೆ.