ಆ್ಯಕ್ಟಿವ್ ಬೇಸ್ ಗಿಟಾರನ್ನು ಪ್ಯಾಸಿವ್‌ಗೆ ಮರಳಿಸುವ ಕ್ರಮ

ಕೆಜಿಎಫ್‌ನ ಚರ್ಚುಗಳಲ್ಲಿ ಭಾನುವಾರದ ಆರಾಧನೆಗೆ ನುಡಿಸುವವರಾಗಲಿ, ಗಣೇಶನ ಹಬ್ಬದ ಹೊತ್ತಿಗೆ ಮುಳಬಾಗಿಲು, ಬಂಗಾರಪೇಟೆ, ಮಾಲೂರು ಎಂದು ಊರೂರು ಸುತ್ತುವ ಆರ್ಕೆಸ್ಟ್ರಾ ತಂಡದವರಾಗಲಿ, ಆ್ಯಕ್ಟಿವ್ ಬೇಸ್ ಇಟ್ಟುಕೊಂಡವರಿಗೆ ಬ್ಯಾಟರಿಯ ತಾಪತ್ರಯ ಹೊಸದಲ್ಲ. ಇಂಥ ಗಿಟಾರಿನ ಒಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್, ಅಂದರೆ ಸಿಗ್ನಲ್ಲನ್ನು ಹೆಚ್ಚಿಸುವ ಸರ್ಕ್ಯೂಟ್, ಇರುತ್ತದೆ; ಜಾಕ್‌ಗೆ ಕೇಬಲ್ ಚುಚ್ಚಿದ ಕೂಡಲೇ ಅದು ಚಾಲೂ ಆಗುತ್ತದೆ, ಕೇಬಲ್ ಕಳಚುವವರೆಗೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ನಿಮ್ಮ ದೂರು ಇಷ್ಟೇ ಆಗಿದ್ದರೆ ಗಿಟಾರ್ ಬಿಚ್ಚುವ ಅಗತ್ಯವಿಲ್ಲ. ನುಡಿಸಿ ಮುಗಿದ ಮೇಲೆ ಕೇಬಲ್ ಕಳಚಿಡುವುದು ಸಾಕು. ಪ್ರಿಆಂಪ್ ಕೆಟ್ಟು ಬದಲಿ ಸಿಗದಿದ್ದರೆ, ಅಥವಾ ಪ್ಯಾಸಿವ್, ಅಂದರೆ ಬ್ಯಾಟರಿಯಿಲ್ಲದ ಗಿಟಾರಿನ ನಾದವೇ ಬೇಕೆನಿಸಿದರೆ ಮಾತ್ರ ಮುಂದಿನ ಕೆಲಸಕ್ಕೆ ಕೈ ಹಾಕಬೇಕು.

ಮೊದಲು ತಿಳಿಯಬೇಕಾದದ್ದು, ಆ್ಯಕ್ಟಿವ್ ಆಗಿರುವುದು ಪ್ರಿಆಂಪ್ ಮಾತ್ರವೋ, ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಪಿಕಪ್ ಕೂಡವೋ ಎಂಬುದು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಂತಹ ಹೆಸರಾಂತ ಆ್ಯಕ್ಟಿವ್ ಬೇಸ್‌ನಲ್ಲಿಯೂ ಪಿಕಪ್ ಪ್ಯಾಸಿವ್ ಆದದ್ದೇ. ಬ್ಯಾಟರಿ ಬೇಕಾಗುವುದು ಅದರ ಹಿಂದಿನ ಪ್ರಿಆಂಪ್‌ಗೆ. ಇಎಮ್‌ಜಿ ಆ್ಯಕ್ಟಿವ್ ಪಿಕಪ್‌ಗಳ ಕಥೆ ಬೇರೆ: ಅವುಗಳ ಒಳಗೇ ಸಣ್ಣದೊಂದು ಸರ್ಕ್ಯೂಟ್ ಇರುವುದರಿಂದ ಬ್ಯಾಟರಿ ತೆಗೆದರೆ ಅವು ಕೆಲಸ ಮಾಡುವುದಿಲ್ಲ, ಪಿಕಪ್‌ಗಳನ್ನೇ ಬದಲಿಸದೆ ಬೇರೆ ದಾರಿಯಿಲ್ಲ. ಗುರುತಿಸುವುದು ಸುಲಭ. ಪಿಕಪ್‌ನಿಂದ ಹೊರಟ ವೈರ್‌ಗಳಲ್ಲಿ ಒಂದು ಬ್ಯಾಟರಿಯ ಪ್ಲಸ್ ಕಡೆಗೆ ಹೋಗಿದ್ದರೆ ಅದು ಆ್ಯಕ್ಟಿವ್ ಪಿಕಪ್. ಹಾಗಿಲ್ಲದಿದ್ದರೆ ಅದರ ಎರಡು ವೈರ್‌ಗಳನ್ನು ಬಿಡಿಸಿ ಮಲ್ಟಿಮೀಟರ್‌ನಲ್ಲಿ ರೆಸಿಸ್ಟೆನ್ಸ್ ಅಳೆಯಿರಿ. ಸಾಮಾನ್ಯ ಪ್ಯಾಸಿವ್ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ 7ರಿಂದ 12 ಕಿಲೋಓಮ್‌ನೊಳಗೆ ಸ್ಥಿರವಾದ ಅಂಕಿ ತೋರಿಸುತ್ತದೆ.

ಏನನ್ನೂ ಕತ್ತರಿಸುವ ಮುನ್ನ ಒಂದು ಪ್ರಯೋಗ ಮಾಡಿ ನೋಡುವುದು ಒಳ್ಳೆಯದು. ಪಿಕಪ್‌ನ ಎರಡು ವೈರ್‌ಗಳನ್ನು ಕ್ರೊಕೊಡೈಲ್ ಕ್ಲಿಪ್‌ಗಳಿಂದ ನೇರವಾಗಿ ಬೇರೊಂದು ಜಾಕ್‌ಗೆ ಸೇರಿಸಿ, ಆಂಪ್‌ನ ಸದ್ದು ಕಡಿಮೆ ಇಟ್ಟು ನುಡಿಸಿ ಕೇಳಿ. ವಾಲ್ಯೂಮ್, ಟೋನ್ ಯಾವುದೂ ಇಲ್ಲದ ಈ ನಾದವೇ ನಿಮ್ಮ ಗಿಟಾರಿನ ಮೂಲ ದನಿ. ಇದು ನಿಮಗೆ ಹಿಡಿಸದಿದ್ದರೆ, ಪ್ರಿಆಂಪ್ ತೆಗೆದ ಮೇಲೆಯೂ ಹಿಡಿಸುವುದಿಲ್ಲ. ಕೆಲಸವನ್ನು ಇಲ್ಲಿಗೇ ನಿಲ್ಲಿಸಬಹುದು. ಆ್ಯಕ್ಟಿವ್–ಪ್ಯಾಸಿವ್ ಸ್ವಿಚ್ ಇರುವ ಗಿಟಾರಾದರೆ ಸ್ವಿಚ್ ಒತ್ತಿಯೇ ಇದನ್ನು ತಿಳಿಯಬಹುದು.

ಪ್ರಿಆಂಪ್ ಕಿತ್ತು ವೈರ್‌ಗಳನ್ನು ಹೇಗೋ ಜೋಡಿಸಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವವರು ಎಡವುವುದು, ನಾಬ್ ಅಡಿಯಲ್ಲಿದ್ದು ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಿಸುವ ಭಾಗಗಳಾದ ಪಾಟ್‌ಗಳ ವಿಷಯದಲ್ಲಿ. ಪ್ರಿಆಂಪ್ ದನಿಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಪಿಕಪ್‌ನ ದುರ್ಬಲ ಸಿಗ್ನಲ್‌ಗೂ ಮುಂದಿನ ಪಾಟ್, ಕೇಬಲ್, ಆಂಪ್‌ಗಳಿಗೂ ನಡುವೆ ನಿಂತು ಆ ಸಿಗ್ನಲ್ಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುತ್ತದೆ. ಆದ್ದರಿಂದಲೇ ಆ್ಯಕ್ಟಿವ್ ಸರ್ಕ್ಯೂಟ್‌ಗಳಲ್ಲಿ 25 ಅಥವಾ 50 ಕಿಲೋಓಮ್‌ನ ಪಾಟ್‌ಗಳು ನಡೆಯುತ್ತವೆ. ಅದೇ ಪಾಟ್‌ಗೆ ಪ್ಯಾಸಿವ್ ಪಿಕಪ್ಪನ್ನು ನೇರವಾಗಿ ಕಟ್ಟಿದರೆ ಟ್ರೆಬಲ್ ಸತ್ತು, ಕಂಬಳಿಯೊಳಗಿಂದ ಕೇಳಿದಂತಹ ಮಂಕು ದನಿ ಬರುತ್ತದೆ. ಸಿಂಗಲ್ ಕಾಯಿಲ್ ಪಿಕಪ್‌ಗೆ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋಓಮ್ ರೂಢಿಯ ಅಳತೆಗಳು. ಹಾಗೆಂದು ಇರುವುದನ್ನೆಲ್ಲ ಎಸೆಯಬೇಕಿಲ್ಲ: ಹಲವು ಗಿಟಾರ್‌ಗಳಲ್ಲಿ ವಾಲ್ಯೂಮ್ ಮತ್ತು ಎರಡು ಪಿಕಪ್ಪಿನ ದನಿ ಬೆರೆಸುವ ಬ್ಲೆಂಡ್ ಪಾಟ್‌ಗಳು ಪ್ರಿಆಂಪ್‌ಗೆ ಮುಂಚೆಯೇ ಇರುವುದರಿಂದ ಅವು 250 ಅಥವಾ 500 ಕಿಲೋಓಮ್‌ನವೇ ಆಗಿರುತ್ತವೆ. ಪಾಟ್‌ನ ಮೈಮೇಲೆ ಎ250ಕೆ, ಬಿ25ಕೆ ಎಂದು ಅಚ್ಚಾಗಿರುವುದನ್ನು ಓದಿ. ಅಳಿಸಿಹೋಗಿದ್ದರೆ ವೈರ್ ಬಿಡಿಸಿ, ತುದಿಯ ಎರಡು ಕಾಲುಗಳ ನಡುವೆ ಅಳೆಯಿರಿ.

ಬೇಕಾದ ಸಾಮಾನು ಹೆಚ್ಚಿಲ್ಲ: ಎ ಗುರುತಿನ 250ಕೆ (ಹಂಬಕರ್ ಆದರೆ 500ಕೆ) ಪಾಟ್‌ಗಳು, 0.047 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್, ವೈರ್, ಒಳಗೆ ರೋಸಿನ್ ಇರುವ 60/40 ಸೋಲ್ಡರ್, ತಾಮ್ರದ ಅಂಟುಹಾಳೆ. ಕೆಪ್ಯಾಸಿಟರ್ ಮೇಲೆ 473 ಎಂದು ಬರೆದಿರುತ್ತದೆ. ಸಾದಾ ಪಾಲಿಯೆಸ್ಟರ್ ಬಗೆಯದು ಸಾಕು, ದುಬಾರಿ ಬೆಲೆಯ ಕೆಪ್ಯಾಸಿಟರಿಗೆ ಹಣ ಸುರಿಯುವುದು ನನ್ನ ಮಟ್ಟಿಗೆ ದಂಡ. ಗಿಟಾರಿಗೆ ಒಪ್ಪುವ ಪಾಟ್ ಸ್ಥಳೀಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗದಿದ್ದರೆ, ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಬಹುದು. ಹಳೆಯ ಪಾಟ್ ಒಂದನ್ನು ಜೊತೆಗೆ ಒಯ್ಯಿರಿ. ಶಾಫ್ಟ್‌ನ ದಪ್ಪ ಮತ್ತು ಗಿಟಾರಿನ ತೂತಿನ ಅಳತೆ ಹೊಂದದಿದ್ದರೆ ಮರ ಕೊರೆಯಬೇಕಾಗುತ್ತದೆ.

ಬ್ಯಾಟರಿ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಇದ್ದ ವೈರಿಂಗನ್ನು ಮೊಬೈಲಿನಲ್ಲಿ ಎರಡು ಮೂರು ಕಡೆಯಿಂದ ಫೋಟೋ ತೆಗೆದಿಡಿ. ವೈರ್‌ಗಳನ್ನು ಕತ್ತರಿಯಿಂದ ಕತ್ತರಿಸದೆ ಬೆಸುಗೆ ಕರಗಿಸಿ ಬಿಡಿಸುವುದೇ ಮೇಲು, ಏಕೆಂದರೆ ಪಿಕಪ್‌ನ ವೈರ್ ಮೋಟಾದರೆ ಮುಂದೆ ಪೇಚಾಡಬೇಕು. ಪ್ರಿಆಂಪನ್ನು ಅದರ ಪಾಟ್‌ಗಳ ಸಮೇತ ಇಡಿಯಾಗಿ ತೆಗೆದು ಡಬ್ಬಿಯಲ್ಲಿ ಹಾಕಿಡಿ. ಗಿಟಾರ್ ಮಾರುವಾಗ ಅದು ಜೊತೆಗಿದ್ದರೆ ಕೊಳ್ಳುವವರಿಗೆ ಮತ್ತೆ ಹಾಕಿಕೊಳ್ಳುವ ಅವಕಾಶವಿರುತ್ತದೆ.

ಎರಡು ಪಿಕಪ್‌ನ ಗಿಟಾರಿಗೆ ನಾನು ಸೂಚಿಸುವುದು ಫೆಂಡರ್ ಜಾಝ್ ಬೇಸ್‌ನಲ್ಲಿ 1960ರ ದಶಕದಿಂದ ಬಳಕೆಯಲ್ಲಿರುವ ಎರಡು ವಾಲ್ಯೂಮ್, ಒಂದು ಟೋನ್‌ನ ಏರ್ಪಾಡು. ಪಾಟ್‌ನ ಶಾಫ್ಟ್ ನಿಮ್ಮ ಕಡೆಗೂ ಮೂರು ಕಾಲುಗಳು ಕೆಳಕ್ಕೂ ಇರುವಂತೆ ಹಿಡಿಯಿರಿ. ಪ್ರತಿ ವಾಲ್ಯೂಮ್ ಪಾಟ್‌ನ ಎಡಗಾಲು ಅರ್ತ್‌ಗೆ, ನಡುಗಾಲಿಗೆ ಆಯಾ ಪಿಕಪ್‌ನ ಹಾಟ್ (ಅರ್ತ್‌ಗೆ ಹೋಗದೆ ಸಿಗ್ನಲ್ ತರುವ) ವೈರ್. ಎರಡೂ ಪಾಟ್‌ಗಳ ಬಲಗಾಲುಗಳನ್ನು ಒಟ್ಟುಗೂಡಿಸಿ ಅಲ್ಲಿಂದ ಜಾಕ್‌ನ ತುದಿಯ ಸಂಪರ್ಕಕ್ಕೆ ಒಯ್ಯಬೇಕು. ಪಿಕಪ್ಪನ್ನು ಬಲಗಾಲಿಗೆ ಕಟ್ಟಿ ನಡುಗಾಲುಗಳನ್ನು ಕೂಡಿಸಿದರೆ ಒಂದರ ವಾಲ್ಯೂಮ್ ಪೂರ್ತಿ ಇಳಿಸಿದಾಗ ಇನ್ನೊಂದೂ ಮೌನವಾಗುತ್ತದೆ. ಒಂದೇ ಪಿಕಪ್ ಇದ್ದರೆ ಈ ತೊಡಕಿಲ್ಲ. ಆಗ ಬಲಗಾಲಿಗೆ ಪಿಕಪ್, ನಡುಗಾಲಿನಿಂದ ಜಾಕ್. ಟೋನ್ ಪಾಟ್‌ನ ನಡುಗಾಲಿಗೆ, ಎರಡು ಪಿಕಪ್ ಇದ್ದಲ್ಲಿ ಆ ಕೂಡಿದ ಬಿಂದುವಿನಿಂದ, ಒಂದೇ ಇದ್ದಲ್ಲಿ ಪಿಕಪ್ ಬಂದ ಬಲಗಾಲಿನಿಂದ ಒಂದು ವೈರ್ ಕೊಟ್ಟು, ಎಡಗಾಲಿಗೂ ಪಾಟ್‌ನ ಲೋಹದ ಬೆನ್ನಿಗೂ ನಡುವೆ ಕೆಪ್ಯಾಸಿಟರ್ ಬೆಸೆಯಿರಿ. ಪಾಟ್‌ಗಳ ಬೆನ್ನನ್ನೆಲ್ಲ ವೈರ್‌ನಿಂದ ಒಂದಕ್ಕೊಂದು ಕೂಡಿಸಿ ಜಾಕ್‌ನ ಅರ್ತ್‌ಗೆ ಸೇರಿಸಿ. ಈ ಬೆನ್ನಿನ ಬೆಸುಗೆಗೆ 25 ವ್ಯಾಟ್‌ನ ಐರನ್ ತಿಣುಕುತ್ತದೆ; ಮೊದಲು ಉಪ್ಪುಕಾಗದದಿಂದ ಉಜ್ಜಿ, 40 ವ್ಯಾಟ್‌ನದನ್ನು ಬಳಸಿದರೆ ಬೇಗ ಕೂರುತ್ತದೆ. ಜಾಕ್ ಬದಲಿಸುವ ಅಗತ್ಯವಿಲ್ಲ: ಬ್ಯಾಟರಿಯ ಮೈನಸ್ ವೈರ್ ಹೋಗುತ್ತಿದ್ದ ಮೂರನೆಯ ಸಂಪರ್ಕವನ್ನು ಖಾಲಿ ಬಿಟ್ಟರೆ ಸಾಕು. ಉಳಿದ ತೂತಿಗೆ ವೈರ್ ಇಲ್ಲದ ಹಳೆಯ ಪಾಟ್ ಕೂರಿಸಿ ನಾಬ್ ಹಾಕಿದರೆ ನೋಡಲೂ ಸರಿ.

ಮರೆತುಹೋಗುವ ಕೆಲಸವೊಂದಿದೆ, ತಂತಿಗಳು ಕೂರುವ ಲೋಹದ ಬ್ರಿಡ್ಜ್‌ನ ಅರ್ತ್. ಆ್ಯಕ್ಟಿವ್ ಪಿಕಪ್ ಇದ್ದ ಗಿಟಾರ್‌ಗಳಲ್ಲಿ ತಂತಿಗಳಿಗೆ ಅರ್ತ್ ಬೇಕಿಲ್ಲದೆ ಆ ವೈರನ್ನು ಬಿಟ್ಟಿರುವುದುಂಟು. ಪ್ಯಾಸಿವ್‌ನಲ್ಲಿ ಬ್ರಿಡ್ಜ್‌ನ ಅಡಿಯಿಂದ ಪಾಟ್‌ನ ಬೆನ್ನಿಗೆ ವೈರ್ ಇರಲೇಬೇಕು, ಇಲ್ಲದಿದ್ದರೆ ಗೊಂಯ್‌ ಎನ್ನುವ ಹಮ್ ನಿಲ್ಲುವುದಿಲ್ಲ. ಒಳಗಿನ ಕುಳಿಗೆ ತಾಮ್ರದ ಹಾಳೆ ಅಂಟಿಸಿ ಅದನ್ನೂ ಅರ್ತ್‌ಗೆ ಸೇರಿಸಿ. ಪೆಂಡಾಲಿನ ಸೀರಿಯಲ್ ಸೆಟ್ಟು, ಡಿಮ್ಮರ್‌ಗಳ ನಡುವೆ ನಿಲ್ಲುವವರು ಇದನ್ನು ಬಿಡುವಂತಿಲ್ಲ.

ಮುಚ್ಚಳ ಹಾಕುವ ಮೊದಲು ಪರೀಕ್ಷಿಸಿ. ಕೇಬಲ್ ಚುಚ್ಚಿ ಅದರ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ, ವಾಲ್ಯೂಮ್ ಪೂರ್ತಿ ಏರಿಸಿದಾಗ 8 ಕಿಲೋಓಮ್‌ನ ಎರಡು ಪಿಕಪ್‌ಗಳಿಗೆ ಸುಮಾರು 4 ಕಿಲೋಓಮ್ ಬರಬೇಕು. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಎರಡೂ ಪಿಕಪ್ ಒಟ್ಟಿಗೆ ಕೂಡಿದಾಗ ದನಿ ತೆಳ್ಳಗಾದರೆ ಒಂದರ ಎರಡು ವೈರ್‌ಗಳನ್ನು ಅದಲುಬದಲು ಮಾಡಿ.

ಇನ್ನು ಆಂಪ್‌ನ ಕಡೆ. ಪ್ಯಾಸಿವ್ ಎಂದಿರುವ ಇನ್‌ಪುಟ್ ಆರಿಸಿ ಗೇನ್ ತುಸು ಏರಿಸಿ. ಕೇಬಲ್ ಉದ್ದವಾದಷ್ಟೂ ಟ್ರೆಬಲ್ ಕಡಿಮೆಯಾಗುವುದರಿಂದ 3ರಿಂದ 5 ಮೀಟರ್ ಒಳಗಿರಲಿ. ನೇರವಾಗಿ ಮಿಕ್ಸರ್‌ಗೆ ಚುಚ್ಚದೆ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಒಪ್ಪುವಂತೆ ಮಾಡುವ ಪೆಟ್ಟಿಗೆ) ಮೂಲಕ ಕೊಡಿ. ಈಗ ತಂತಿಗಳು ಆಂಪ್‌ನ ಲೋಹದ ಮೈಗೆ ಕೂಡಿಕೊಂಡಿರುವುದರಿಂದ ಜನರೇಟರ್ ಮೇಲೆ ನಡೆಯುವ ವೇದಿಕೆಗಳಲ್ಲಿ ಮೂರು ಪಿನ್ನಿನ ಅರ್ತ್ ಸರಿಯಿಲ್ಲದಿದ್ದರೆ, ತಂತಿ ಹಿಡಿದ ಕೈ ಮತ್ತು ಮೈಕ್ ಮುಟ್ಟಿದ ತುಟಿಯ ನಡುವೆ ಶಾಕ್ ಹೊಡೆಯುವ ಅಪಾಯವಿದೆ; ಹಾಡುತ್ತಲೂ ನುಡಿಸುವವರು ಮೈಕಿನ ಲೋಹಕ್ಕೂ ಗಿಟಾರ್ ತಂತಿಗೂ ನಡುವೆ ಎಸಿ ವೋಲ್ಟ್ ಅಳೆದು, ಅದು ಸೊನ್ನೆಯ ಹತ್ತಿರವಿದ್ದರೆ ಮಾತ್ರ ನುಡಿಸಲು ನಿಲ್ಲಬೇಕು.